ಜಂಟಿ ಗೃಹಸಾಲ: ತೆರಿಗೆ ವಿನಾಯಿತಿ ಯಾರಿಗೆ, ಎಷ್ಟು?

ಭಾರತದ ಆದಾಯ ತೆರಿಗೆಯಲ್ಲಿ ಗಂಡ ಹೆಂಡತಿ ಸೇರಿ ಒಂದೇ ರಿಟರ್ನ್ ಸಲ್ಲಿಸುವ ಪದ್ಧತಿಯಿಲ್ಲ. ಇಬ್ಬರಿಗೂ ಬೇರೆ ಪ್ಯಾನ್, ಬೇರೆ ಲೆಕ್ಕ. ಸಾಲದ ಕಂತು, ಮಕ್ಕಳ ಶುಲ್ಕ, ಆರೋಗ್ಯ ವಿಮೆಗಳು ಮಾತ್ರ ಒಂದೇ ಸಂಸಾರದವು. ಯಾವುದು ಯಾರ ಲೆಕ್ಕಕ್ಕೆ ಎಂಬುದನ್ನು ದಂಪತಿಯ ಅನುಕೂಲವಲ್ಲ, ಒಡೆತನ ಮತ್ತು ಪಾವತಿಯ ದಾಖಲೆಗಳು ತೀರ್ಮಾನಿಸುತ್ತವೆ.

ದೊಡ್ಡ ಮೊತ್ತ ಇರುವುದು ಗೃಹಸಾಲದಲ್ಲಿ. 1961ರ ಕಾಯ್ದೆಯ ಹಳೆಯ ತೆರಿಗೆ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಬಡ್ಡಿಗೆ ವರ್ಷಕ್ಕೆ 2 ಲಕ್ಷ ರೂಪಾಯಿವರೆಗೆ, ಅಸಲಿಗೆ 80ಸಿ ಅಡಿಯಲ್ಲಿ ಇತರ ಉಳಿತಾಯಗಳೂ ಸೇರಿ 1.5 ಲಕ್ಷದವರೆಗೆ ವಿನಾಯಿತಿ ಉಂಟು. ಈ ಮಿತಿ ಮನೆಗಲ್ಲ, ಒಬ್ಬೊಬ್ಬ ಮಾಲೀಕರಿಗೆ. ವರ್ಷದ ಬಡ್ಡಿ 3.6 ಲಕ್ಷ ಎಂದಿಟ್ಟುಕೊಳ್ಳೋಣ. ಮನೆ ಒಬ್ಬರ ಹೆಸರಿನಲ್ಲಿದ್ದರೆ 1.6 ಲಕ್ಷಕ್ಕೆ ವಿನಾಯಿತಿಯಿಲ್ಲ. ಸಮಪಾಲಿನ ಜಂಟಿ ಒಡೆತನವಾದರೆ ತಲಾ 1.8 ಲಕ್ಷದಂತೆ ಪೂರ್ತಿ ದಕ್ಕುತ್ತದೆ. ಆದರೆ ಇಬ್ಬರ ಹೆಸರೂ ಕ್ರಯಪತ್ರದಲ್ಲಿಯೂ ಸಾಲಪತ್ರದಲ್ಲಿಯೂ ಇರಬೇಕು. ಕಂತು ಕಟ್ಟುವ ಹಣ ಇಬ್ಬರದ್ದೂ ಆಗಿರಬೇಕು. ಹಂಚಿಕೆ ಸಾಮಾನ್ಯವಾಗಿ ಕ್ರಯಪತ್ರದ ಪಾಲಿನಂತೆಯೇ. ಈ ವರ್ಷ ಇವರಿಗೆ, ಮುಂದಿನ ವರ್ಷ ಅವರಿಗೆ ಎಂದು ಬದಲಿಸಲಾಗದು. ಹೆಂಡತಿಯ ಹೆಸರಲ್ಲಿ ಪಾಲಿದ್ದು ಹಣವೆಲ್ಲ ಗಂಡ ಕೊಟ್ಟದ್ದಾದರೆ, ಆ ಪಾಲಿನ ಬಾಡಿಗೆಯೂ ಗಂಡನ ಆದಾಯಕ್ಕೇ ಸೇರುತ್ತದೆ.

ಶಾಲಾ ಬೋಧನಾ ಶುಲ್ಕದ ನಿಯಮ ಸರಳ. ಕಟ್ಟಿದವರಿಗೆ ವಿನಾಯಿತಿ, ಒಬ್ಬರಿಗೆ ಇಬ್ಬರು ಮಕ್ಕಳವರೆಗೆ. ಒಂದೇ ರಸೀದಿಯ ಮೊತ್ತವನ್ನು ಇಬ್ಬರೂ ತೋರಿಸುವಂತಿಲ್ಲ. ಆರೋಗ್ಯ ವಿಮೆಯಲ್ಲೂ ಕಂತು ಕಟ್ಟಿದವರದೇ ಹಕ್ಕು, ಅದೂ ನಗದಾಗಿ ಕಟ್ಟಿರಬಾರದು. ಇಲ್ಲಿ ಹಲವರ ಗಮನಕ್ಕೆ ಬಾರದ ಒಂದು ಅಂಶವಿದೆ: ಹೆತ್ತವರ ವಿಮೆಗೆ ವಿನಾಯಿತಿಯಿದೆ, ಅತ್ತೆ ಮಾವನ ವಿಮೆಗಿಲ್ಲ. ಆದ್ದರಿಂದ ಅವರವರ ತಂದೆ ತಾಯಿಯ ಕಂತನ್ನು ಅವರವರೇ ಕಟ್ಟುವುದು ಲೇಸು.

2023-24ರಿಂದ ಹೊಸ ಪದ್ಧತಿಯೇ ಸಹಜ ಆಯ್ಕೆಯಾಗಿದೆ. ಅದರಲ್ಲಿ ತೆರಿಗೆ ದರ ಕಡಿಮೆ, ಆದರೆ ವಾಸದ ಮನೆಯ ಬಡ್ಡಿ, 80ಸಿ, ಆರೋಗ್ಯ ವಿಮೆ ಯಾವುದಕ್ಕೂ ವಿನಾಯಿತಿಯಿಲ್ಲ. ದಂಪತಿಯಲ್ಲಿ ಒಬ್ಬರು ಹಳೆಯದರಲ್ಲಿ, ಇನ್ನೊಬ್ಬರು ಹೊಸದರಲ್ಲಿ ಇರಬಹುದು. ಆಗ ಹೊಸದನ್ನು ಆರಿಸಿಕೊಂಡವರ ಪಾಲಿನ ಬಡ್ಡಿಯನ್ನು ಸಂಗಾತಿಯ ಲೆಕ್ಕಕ್ಕೆ ದಾಟಿಸಲು ಬರುವುದಿಲ್ಲ.

ಕಾರವಾರ ದಾಟಿ ಗೋವಾಕ್ಕೆ ಹೋದರೆ ಲೆಕ್ಕವೇ ಬೇರೆ. ಅಲ್ಲಿ ಪೋರ್ಚುಗೀಸ್ ಸಿವಿಲ್ ಸಂಹಿತೆಗೆ ಒಳಪಟ್ಟ ದಂಪತಿಗಳಿಗೆ 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 5ಎ ಅನ್ವಯಿಸುತ್ತದೆ: ಸಂಬಳ ಅವರವರದು, ಉಳಿದ ಆದಾಯವೆಲ್ಲ ಅರ್ಧರ್ಧ.

ಮನೆಯ ಪಾಲಿನ ಪ್ರಶ್ನೆ ಹೆಚ್ಚಿನವರಿಗೆ ಎದುರಾಗುವುದು ಮೊದಲ ರಿಟರ್ನ್ ತುಂಬುವಾಗ. ಅಷ್ಟರಲ್ಲಿ ನೋಂದಣಿ ಮುಗಿದಿರುತ್ತದೆ, ತಿದ್ದಲು ಹೊಸ ಪತ್ರವೂ ಮುದ್ರಾಂಕ ಶುಲ್ಕವೂ ಬೇಕು. ಮನೆ ಕೊಳ್ಳುವ ದಂಪತಿಗಳು ಇಬ್ಬರ ಆದಾಯವನ್ನೂ ಕಂತು ಕಟ್ಟುವ ಶಕ್ತಿಯನ್ನೂ ಲೆಕ್ಕ ಹಾಕಿ, ಕ್ರಯಪತ್ರದ ಕರಡಿನಲ್ಲೇ ಪಾಲನ್ನು ಸ್ಪಷ್ಟವಾಗಿ ಬರೆಸಿಕೊಳ್ಳಬೇಕು.