ಸಭಾಂಗಣದ ಆಚೆಯ ಶ್ರೋತೃ

ಸಂಶೋಧನ ಸಂಸ್ಥೆಯೊಂದರಲ್ಲಿ ಉಪನ್ಯಾಸ ನಡೆಯುತ್ತಿದೆ ಎನ್ನಿ. ಇನ್ನೂರು ಕುರ್ಚಿಗಳ ಸಭಾಂಗಣ, ತುಂಬಿರುವುದು ಅರ್ಧ. ಮಾತು ಮುಗಿಯಿತು, ಚಪ್ಪಾಳೆಯಾಯಿತು, ದೀಪ ಆರಿತು. ಹತ್ತು ವರ್ಷಗಳ ದುಡಿಮೆಯ ಸಾರವನ್ನು ಒಂದು ಗಂಟೆಯಲ್ಲಿ ಹೇಳಿದ ಆ ಮಾತು ಎಲ್ಲಿಗೆ ಹೋಯಿತು? ನೂರು ಜನರ ನೆನಪಿಗೆ, ಅಲ್ಲಿಂದ ಮರೆವಿಗೆ. ಹೆಗ್ಗಡದೇವನಕೋಟೆಯಲ್ಲಿ ಅದೇ ವಿಷಯವನ್ನು ಓದುತ್ತಿರುವ ಹುಡುಗಿಗೆ ಅದು ನಡೆದ ಸಂಗತಿಯೇ ತಿಳಿಯಲಿಲ್ಲ. ಈ ನಷ್ಟವನ್ನು ತಪ್ಪಿಸುವ ಸಾಧನ ಇಂದು ನಮ್ಮ ಕೈಯಲ್ಲಿದೆ: ಅಂತರ್ಜಾಲದ ನೇರಪ್ರಸಾರ ಮತ್ತು ಮುದ್ರಣ.

ಮೈಸೂರಿಗೆ ಈ ಆಸೆ ಹೊಸದಲ್ಲ. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ತೆರೆದರು. ವಿದ್ವಾಂಸರ ಮಾತು ತರಗತಿಯ ಹೊಸಲನ್ನು ದಾಟಿ ಊರಿನ ಪಡಸಾಲೆಗಳಿಗೆ ಬಂದಿತು. ಮುಂದೆ ಸಿ. ವಿ. ರಾಮನ್ ಅವರು ವಿಜ್ಞಾನವನ್ನು ಕುರಿತು ಬಾನುಲಿಯಲ್ಲಿ ಮಾಡಿದ ಭಾಷಣಗಳು 1951ರಲ್ಲಿ ನ್ಯೂಯಾರ್ಕಿನಲ್ಲಿ ಪುಸ್ತಕವಾಗಿ ಹೊರಬಂದವು. ಗಾಳಿಯಲ್ಲಿ ಹೋದ ಮಾತು ಹೀಗೆ ಕಾಗದದ ಮೇಲೆ ಉಳಿಯಿತು.

ಬಾನುಲಿಗೂ ಅಂತರ್ಜಾಲಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಬಾನುಲಿ ಮಳೆಯಂತೆ, ಒಮ್ಮೆ ಸುರಿದರೆ ಎಲ್ಲರ ಅಂಗಳಕ್ಕೂ ಬೀಳುತ್ತದೆ. ಕೇಳುವವರು ಹತ್ತು ಮಂದಿಯಾದರೂ ಹತ್ತು ಲಕ್ಷವಾದರೂ ಪ್ರಸಾರಕೇಂದ್ರದ ಶ್ರಮ ಒಂದೇ. ಅಂತರ್ಜಾಲವಾದರೋ ವಾಣಿವಿಲಾಸ ವಾಟರ್ ವರ್ಕ್ಸಿನ ನಲ್ಲಿಯಂತೆ. ಪ್ರತಿ ಮನೆಗೂ ಬೇರೆ ಕೊಳವೆ ಬೇಕು. ಆದ್ದರಿಂದ ಕ್ಯಾಮೆರಾ ಹಿಡಿದ ಚಿತ್ರವನ್ನೂ ಧ್ವನಿಯನ್ನೂ ಕುಗ್ಗಿಸಿ, ಕೆಲವೇ ಸೆಕೆಂಡುಗಳ ತುಣುಕುಗಳನ್ನಾಗಿ ಕತ್ತರಿಸಿ, ಹಲವು ಊರುಗಳ ಗಣಕಗಳಲ್ಲಿ ಪ್ರತಿಗಳನ್ನಿಟ್ಟು, ಕೇಳಿದವರಿಗೆ ಹತ್ತಿರದಿಂದ ಹಂಚುತ್ತಾರೆ. ಸಂಪರ್ಕ ದುರ್ಬಲವಾದಲ್ಲಿ ಅದೇ ತುಣುಕಿನ ಮಸುಕಾದ ಪ್ರತಿ ಹೋಗುತ್ತದೆ. ‘ನೇರ’ ಎಂದು ನಾವು ನೋಡುವುದು ನಿಜವಾಗಿ ಕೆಲವು ಸೆಕೆಂಡುಗಳ ಹಿಂದಿನದು. ಆದರೆ ಮಳೆಗಿಲ್ಲದ ಒಂದು ಗುಣ ನಲ್ಲಿಗುಂಟು: ಬೇಕಾದಾಗ ತಿರುಗಿಸಿಕೊಳ್ಳಬಹುದು. ನೇರಪ್ರಸಾರವು ಮುಗಿದೊಡನೆ ಮುದ್ರಣವಾಗಿ ಉಳಿಯುತ್ತದೆ.

ಮುದ್ರಿಸಿ, ತಿದ್ದಿ ಆಮೇಲೆ ತೋರಿಸಿದರೆ ಸಾಲದೆ, ನೇರವಾಗಿಯೇ ಏಕೆ ತೋರಿಸಬೇಕು? ಉತ್ತರ ಬೆಂಗಳೂರಿನಲ್ಲಿ ದೊರೆಯಿತು. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಇಸ್ರೋದ ನಿಯಂತ್ರಣಕೇಂದ್ರದಿಂದ ಚಂದ್ರಯಾನ-2ರ ಇಳಿತವನ್ನು ದೇಶವೇ ನೋಡುತ್ತಿದ್ದಿತು. 2.1 ಕಿಲೋಮೀಟರು ಎತ್ತರದವರೆಗೆ ಎಲ್ಲವೂ ಸರಿಯಾಗಿದ್ದು, ಅನಂತರ ಸಂಪರ್ಕ ಕಡಿಯಿತೆಂದು ಅಧ್ಯಕ್ಷ ಕೆ. ಶಿವನ್ ಅವರು ತಿಳಿಸಿದರು. ಪರದೆಯ ಮುಂದೆ ಕುಳಿತ ವಿಜ್ಞಾನಿಗಳ ಮುಖ ಬಾಡಿದ್ದನ್ನು ನಾವೆಲ್ಲ ಕಂಡೆವು. ನಾಲ್ಕು ವರ್ಷಗಳ ಬಳಿಕ, 2023ರ ಆಗಸ್ಟ್ 23ರಂದು, ಚಂದ್ರಯಾನ-3 ಇಳಿದಾಗ ಯೂಟ್ಯೂಬಿನಲ್ಲಿ ಏಕಕಾಲಕ್ಕೆ 80 ಲಕ್ಷಕ್ಕೂ ಹೆಚ್ಚು ಜನ ನೋಡುತ್ತಿದ್ದರು. ಸೋಲನ್ನು ನಮ್ಮೆದುರಿಗೇ ಒಪ್ಪಿಕೊಂಡವರ ಗೆಲುವಾದ್ದರಿಂದಲೇ ಅದು ನಮ್ಮದೂ ಎನಿಸಿತು. ವಿಜ್ಞಾನ ನಡೆಯುವುದೇ ಹೀಗೆ ಎಂಬ ಪಾಠವನ್ನು ಯಾವ ಪಠ್ಯಪುಸ್ತಕವೂ ಅಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ.

ಚಂದ್ರಯಾನದಂಥ ದಿನಗಳು ಅಪರೂಪ. ನಿತ್ಯದ ಉಪನ್ಯಾಸಗಳ ಮಾತೇ ಬೇರೆ. ಅಲ್ಲಿ ಕೆಡುವುದು ಸಾಮಾನ್ಯವಾಗಿ ಚಿತ್ರವಲ್ಲ, ಧ್ವನಿ. ಸಭೆಯಲ್ಲಿ ಕುಳಿತವರ ಕಿವಿ ಬೇಡದ ಸದ್ದನ್ನು ಬದಿಗೊತ್ತಿ ಬೇಕಾದ ಮಾತನ್ನು ಆರಿಸಿಕೊಳ್ಳುತ್ತದೆ; ಮೈಕಿಗೆ ಈ ವಿವೇಕವಿಲ್ಲ. ಗೋಡೆಯ ಮಾರ್ದನಿ, ಫ್ಯಾನಿನ ಗುಂಯ್‌ಗಾಟ ಎಲ್ಲವನ್ನೂ ಸಮನಾಗಿ ನುಂಗುತ್ತದೆ. ಹಿಂದಿನ ಸಾಲಿನಲ್ಲಿಟ್ಟ ಕ್ಯಾಮೆರಾದ ಮೈಕನ್ನು ನಂಬದೆ, ಭಾಷಣಕಾರರ ಅಂಗಿಗೇ ಒಂದು ಪುಟ್ಟ ಮೈಕನ್ನು ಸಿಕ್ಕಿಸಿದರೆ ಅರ್ಧ ಕೆಲಸವಾದಂತೆ. ಕಿವಿ ಮಂದವಾದವರಿಗೆ ಅದೂ ಸಾಲದು. ಪರದೆಯ ಕೆಳಗೆ ಮಾತಿನ ಅಕ್ಷರರೂಪವೂ ಬೇಕು. 1965ರಿಂದ ವಾಕ್ ಶ್ರವಣ ಸಂಸ್ಥೆಯನ್ನು ಮಡಿಲಲ್ಲಿಟ್ಟುಕೊಂಡಿರುವ ಈ ಊರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಧ್ವನಿಯೊಂದೇ ಇದ್ದರೂ ಸಾಲದು. ಅಮೆರಿಕದ ಕ್ಯಾಲ್ಟೆಕ್ ಸಂಸ್ಥೆಯಲ್ಲಿ 1961ರಿಂದ 63ರವರೆಗೆ ರಿಚರ್ಡ್ ಫೈನ್‌ಮನ್ ಅವರು ಭೌತವಿಜ್ಞಾನದ ಪಾಠ ಹೇಳಿದಾಗ ಅವರ ಮಾತನ್ನು ಟೇಪಿನಲ್ಲಿ ಹಿಡಿದುದಲ್ಲದೆ ಕರಿಹಲಗೆಯ ಛಾಯಾಚಿತ್ರಗಳನ್ನೂ ತೆಗೆದಿಟ್ಟರು. ‘ಇಲ್ಲಿ ನೋಡಿ’ ಎಂದು ಗುರುಗಳು ಬೆರಳು ತೋರಿದರೆ, ಎಲ್ಲಿ ಎಂಬುದು ಟೇಪಿಗೆ ತಿಳಿಯದು. ಭಾಷಣಕಾರರ ಮುಖವನ್ನಷ್ಟೇ ತೋರಿಸಿ ಹಲಗೆಯನ್ನು ಮರೆಯುವ ಕ್ಯಾಮೆರಾವೂ ಅದೇ ತಪ್ಪನ್ನು ಮಾಡುತ್ತದೆ.

ಎಲ್ಲಕ್ಕಿಂತ ದೊಡ್ಡ ಲೋಪ ಪ್ರಶ್ನೆಗಳದು. ಸಭಿಕರೊಬ್ಬರು ಎದ್ದು ಕೇಳುತ್ತಾರೆ; ಅವರ ಮುಂದೆ ಮೈಕಿಲ್ಲ. ದೂರದವರಿಗೆ ಕೇಳುವುದು ಒಂದಿಷ್ಟು ಮೌನ, ಆಮೇಲೆ ‘ಹೌದು, ಆದರೆ’ ಎಂಬ ಉತ್ತರ. ವಿಜ್ಞಾನದ ಜೀವ ಇರುವುದೇ ಈ ಸಂದೇಹದಲ್ಲಿ. ಚೆಲುವಾಂಬ ಅರಮನೆಯಲ್ಲಿ 1950ರಿಂದ ನೆಲೆಸಿರುವ ಆಹಾರ ಸಂಶೋಧನಾಲಯದ ವಿಚಾರಗಳನ್ನೇ ನೋಡಿ: ಧಾನ್ಯ, ಎಣ್ಣೆ, ಮಗುವಿನ ಆಹಾರ. ಇವನ್ನು ಕುರಿತು ಗೃಹಿಣಿಯೊಬ್ಬರು ಕೇಳುವ ಪ್ರಶ್ನೆ ಭಾಷಣದಷ್ಟೇ ಬೆಲೆಯುಳ್ಳದ್ದು. ಮದ್ದು ಸುಲಭ: ಉತ್ತರಿಸುವ ಮುನ್ನ ಭಾಷಣಕಾರರು ಪ್ರಶ್ನೆಯನ್ನು ಒಮ್ಮೆ ತಾವೇ ಹೇಳಲಿ.

ಮುದ್ರಿಸಲು ಮಿತಿಯೂ ಇದೆ. ಇನ್ನೂ ಪ್ರಕಟವಾಗದ ಫಲಿತಾಂಶವನ್ನು ಸಹೋದ್ಯೋಗಿಗಳ ಮುಂದಿಟ್ಟು ಚರ್ಚಿಸುವವರಿಗೆ ಕ್ಯಾಮೆರಾ ಸಂಕೋಚ ತರುತ್ತದೆ. ಎಳೆಯ ವಿದ್ಯಾರ್ಥಿ ತಪ್ಪಾಗಿ ಪ್ರಶ್ನಿಸುವ ಸ್ವಾತಂತ್ರ್ಯವನ್ನು ಕಳೆದುಕೊಳ್ಳಬಾರದು. ಆದ್ದರಿಂದ ಮೊದಲೇ ಒಪ್ಪಿಗೆ ಕೇಳುವುದು, ಬೇಡವೆಂದಾಗ ಮುದ್ರಣವನ್ನು ನಿಲ್ಲಿಸುವುದು ಸೌಜನ್ಯ ಮಾತ್ರವಲ್ಲ, ವಿಜ್ಞಾನದ ಹಿತವೂ ಹೌದು. ಹಾಗೆಯೇ, ಮುದ್ರಿಸಿದ್ದಕ್ಕೆ ಹೆಸರು, ದಿನಾಂಕ, ವಿಷಯ ಬರೆದಿಡದಿದ್ದರೆ ಅದು ಬೀಗ ಹಾಕಿ ಬೀಗದಕೈ ಕಳೆದ ಪೆಟ್ಟಿಗೆ. ಎರಡು ಸಾಲು ಕನ್ನಡದ ಸಾರಾಂಶವನ್ನೂ ಸೇರಿಸಿದರೆ ಹೆಗ್ಗಡದೇವನಕೋಟೆಯ ಆ ಹುಡುಗಿ ಅದನ್ನು ಹುಡುಕಿ ತೆಗೆದಾಳು.

ಯಂತ್ರಗಳು ಈಗ ಅಗ್ಗ. ಅಗ್ಗವಾಗದಿರುವುದು ಕಾಣದ ಶ್ರೋತೃವಿನ ಬಗೆಗಿನ ಕಾಳಜಿ. ಗೋಪಾಲಸ್ವಾಮಿಯವರ ಮನೆಯಲ್ಲಿದ್ದ ಯಂತ್ರ ಪುಟ್ಟದು. ಆದರೆ ಎಲ್ಲಿಯೋ ಒಬ್ಬರು ಕಿವಿಗೊಟ್ಟು ಕುಳಿತಿದ್ದಾರೆ ಎಂಬ ನಂಬಿಕೆ ಅಲ್ಲಿತ್ತು. ಆ ನಂಬಿಕೆಯಿದ್ದಲ್ಲಿ ಸಭಾಂಗಣದ ದೀಪ ಆರಿದರೂ ಮಾತು ಆರುವುದಿಲ್ಲ.