ಹಳೆಯ ಕಾರಿನ ಪೂರ್ವಚರಿತ್ರೆ

ಹಳೆಯ ಕಾರನ್ನು ಕೊಳ್ಳಹೊರಟವರು ಮಾರುವವನನ್ನು ಮೊದಲಿಗೆ ಕೇಳುವ ಪ್ರಶ್ನೆ ಸಾಮಾನ್ಯವಾಗಿ "ಗಾಡಿ ಎಷ್ಟು ಓಡಿದೆ?" ಎಂಬುದು, ಮೀಟರಿನಲ್ಲಿ ಮೂವತ್ತೋ ನಲವತ್ತೋ ಸಾವಿರವೆಂದು ಕಂಡೊಡನೆ ಮನಸ್ಸಿಗೆ ಸಮಾಧಾನವಾಗಿ, ಬಣ್ಣದ ಹೊಳಪು, ಸೀಟಿನ ಅಂದ, ಎ.ಸಿ.ಯ ತಂಪು ಇವುಗಳ ಪರೀಕ್ಷೆಯಲ್ಲಿಯೇ ಮಿಕ್ಕ ಹೊತ್ತೆಲ್ಲ ಕಳೆದುಹೋಗುತ್ತದೆ. ಆದರೆ ಯಂತ್ರದ ಆಯುಸ್ಸಿಗೆ ಅದು ಕ್ರಮಿಸಿದ ದೂರಕ್ಕಿಂತಲೂ, ಆ ದೂರವನ್ನು ಕ್ರಮಿಸುವಾಗ ಕಾಲಕಾಲಕ್ಕೆ ಸಲ್ಲಬೇಕಾದ ಉಪಚಾರ ಸಂದಿತೇ ಇಲ್ಲವೇ ಎಂಬುದೇ ಮುಖ್ಯವಾದದ್ದು. ಒಂದು ಲಕ್ಷ ಕಿಲೋಮೀಟರ್ ಓಡಿಯೂ ಪ್ರತಿಯೊಂದು ಸರ್ವಿಸನ್ನೂ ಹೊತ್ತಿಗೆ ಸರಿಯಾಗಿ ಕಂಡು, ಅದರ ಬಿಲ್ಲುಗಳೊಡನೆ ಬಂದ ಕಾರನ್ನೂ, ನಲವತ್ತು ಸಾವಿರವೇ ಓಡಿದೆಯೆಂದು ತೋರಿಸುವ, ಆದರೆ ಒಂದು ಚೀಟಿಯ ಆಧಾರವೂ ಇಲ್ಲದ ಕಾರನ್ನೂ ಒಂದೇ ಬೆಲೆಗೆ ಎದುರಿಗಿಟ್ಟರೆ, ಮೊದಲನೆಯದನ್ನೇ ಆರಿಸಿರೆಂದು ನಾನು ನಿಸ್ಸಂಕೋಚವಾಗಿ ಹೇಳುವೆನು.

ನಮ್ಮ ದೇಶದಲ್ಲಿ ಮಾರಾಟವಾಗುವ ಬಹುಪಾಲು ಪೆಟ್ರೋಲ್ ಕಾರುಗಳ ಕೈಪಿಡಿಯಲ್ಲಿ, 10,000 ಕಿಲೋಮೀಟರ್ ಅಥವಾ 12 ತಿಂಗಳು, ಇವೆರಡರಲ್ಲಿ ಯಾವುದು ಮೊದಲು ಬರುವುದೋ ಆಗ ಸರ್ವಿಸ್ ಆಗತಕ್ಕದ್ದೆಂದು ಬರೆದಿರುತ್ತದೆ; ಕೆಲವು ಕಂಪನಿಗಳು 15,000ದವರೆಗೂ ಅವಕಾಶ ಕೊಡುವುದುಂಟು. ಈ ವಾಕ್ಯದ ಪೂರ್ವಾರ್ಧವನ್ನು ಎಲ್ಲರೂ ಬಲ್ಲರು. ಉತ್ತರಾರ್ಧವನ್ನು ಮಾತ್ರ ಅನೇಕರು ಅಲಕ್ಷಿಸುತ್ತಾರೆ. "ವರ್ಷಕ್ಕೆ ಮೂರು ಸಾವಿರವೂ ಓಡಿಲ್ಲ, ಆಯಿಲ್ ಯಾತಕ್ಕೆ ಬದಲಾಯಿಸಬೇಕು?" ಎಂಬ ಪ್ರಶ್ನೆಗೆ ಉತ್ತರ ಎಂಜಿನ್ನಿನ ಒಳಗಿದೆ. ಇಂಧನದ ದಹನದಿಂದ ಹುಟ್ಟುವ ಆಮ್ಲ, ಮಸಿ ಮತ್ತು ತೇವ ಇವು ಆಯಿಲಿಗೆ ಸೇರುತ್ತಲೇ ಇರುತ್ತವೆ. ಆಮ್ಲವನ್ನು ಶಮನಗೊಳಿಸಿ ಮಸಿಯನ್ನು ಚದುರಿಸಿಡುವುದಕ್ಕಾಗಿ ಅದರಲ್ಲಿ ಬೆರೆಸಿರುವ ರಾಸಾಯನಿಕಗಳು ಕ್ರಮೇಣ ಕ್ಷೀಣಿಸುತ್ತವೆ. ಮನೆಯಿಂದ ಮಾರುಕಟ್ಟೆಗೆ ಎರಡು ಕಿಲೋಮೀಟರ್ ಹೋಗಿಬರುವ ಕಾರಿನ ಎಂಜಿನ್ ಪೂರ್ಣವಾಗಿ ಕಾಯುವುದರೊಳಗಾಗಿಯೇ ನಿಂತುಬಿಡುವುದರಿಂದ, ಆ ತೇವ ಆವಿಯಾಗಿ ಹೋಗಲು ಅವಕಾಶವೇ ದೊರೆಯುವುದಿಲ್ಲ. ಹೀಗಾಗಿ ಕಡಿಮೆ ಓಡಿದ ಕಾರಿನ ಆಯಿಲು ಹೆಚ್ಚು ಓಡಿದ ಕಾರಿನದಕ್ಕಿಂತ ಬೇಗ ಕೆಡುವುದೂ ಸಾಧ್ಯ.

ಬೆಂಗಳೂರಿನಂಥ ಊರಿನಲ್ಲಿ ಇನ್ನೊಂದು ವಿಷಯವನ್ನೂ ನೆನೆಯಬೇಕು. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಸಂದಣಿಯಲ್ಲಿ ಕಾರು ಅರ್ಧ ಗಂಟೆ ನಿಂತರೆ ಮೀಟರಿಗೆ ಅದು ಶೂನ್ಯ. ಎಂಜಿನ್ನಿಗಾದರೋ ಅದು ಅರ್ಧ ಗಂಟೆಯ ದುಡಿಮೆ. ಧೂಳು, ಸಂದಣಿ, ಅಲ್ಪದೂರದ ಓಡಾಟ ಇವುಗಳನ್ನು ಕಠಿನ ಪರಿಸ್ಥಿತಿಯೆಂದು ಗಣಿಸಿ, ಅಂಥಲ್ಲಿ ಆಯಿಲನ್ನೂ ಫಿಲ್ಟರುಗಳನ್ನೂ ಇನ್ನೂ ಬೇಗನೆ ಬದಲಾಯಿಸಬೇಕೆಂದು ಕೈಪಿಡಿಗಳು ಬೇರೊಂದು ಪಟ್ಟಿಯನ್ನೇ ಕೊಟ್ಟಿರುತ್ತವೆ. ಕೊಳ್ಳುವವರು ಆ ಪುಟವನ್ನೊಮ್ಮೆ ಓದುವುದು ವಿಹಿತ.

ಆಯಿಲಿನಷ್ಟು ಪ್ರಸಿದ್ಧಿಯಿಲ್ಲದ ಬ್ರೇಕ್ ಆಯಿಲ್ ವಾತಾವರಣದ ತೇವವನ್ನು ತಾನಾಗಿಯೇ ಹೀರಿಕೊಳ್ಳುವ ಸ್ವಭಾವದ್ದು. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠಪಕ್ಷ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂದು ನಿಯಮವಿದ್ದರೆ, ತೇವ ಹೀರಿದ ಮೇಲೆ ಅದೇ ಮಿತಿ 155ಕ್ಕೆ ಇಳಿಯುತ್ತದೆ. ಚಾರ್ಮಾಡಿಯನ್ನೋ ಆಗುಂಬೆಯನ್ನೋ ಇಳಿಯುವಾಗ ಬ್ರೇಕಿನ ಮೇಲೆ ಕಾಲಿಟ್ಟೇ ಇರುವವರಿಗೆ ಈ ಅಂತರ ಪ್ರಾಣಸಂಬಂಧವಾದದ್ದು; ದ್ರವ ಕುದಿದು ಆವಿಯಾದರೆ ಪೆಡಲ್ ಪೊಳ್ಳಾಗಿ ಕೆಳಗಿಳಿಯುತ್ತದೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಇದನ್ನು ಬದಲಾಯಿಸಬೇಕೆಂದಿದ್ದರೂ ಬಿಲ್ಲುಗಳಲ್ಲಿ ಇದರ ಹೆಸರು ಅಪರೂಪ. ಟೈಮಿಂಗ್ ಬೆಲ್ಟಿನ ವಿಷಯವೂ ಇಂಥದೇ. ಹಳೆಯ ಸ್ವಿಫ್ಟ್ ಡೀಸೆಲಿನ 1.3 ಲೀಟರ್ ಎಂಜಿನ್ನಿಗೆ ಚೈನು ಇದೆ, ಡಸ್ಟರಿನ 1.5 ಲೀಟರ್ ಡೀಸೆಲಿಗೆ ಬೆಲ್ಟು. ಅಂಥ ಎಂಜಿನ್ನಿನ ಬೆಲ್ಟು ಹರಿದರೆ ಪಿಸ್ಟನ್ನು ವಾಲ್ವುಗಳನ್ನು ಬಡಿದು ಎಂಜಿನ್ನೇ ಹಾಳಾಗುತ್ತದೆ. ಬೆಲ್ಟು ಬದಲಾಯಿಸಿದ ಬಿಲ್ಲು ಇಲ್ಲವೆಂದರೆ, ಬದಲಾಯಿಸಿಲ್ಲವೆಂದೇ ತಿಳಿದು ಬೆಲೆಯನ್ನು ಮಾತಾಡತಕ್ಕದ್ದು.

ಈಗ ಒಂದು ಕಡತವನ್ನು ಬಿಡಿಸಿ ನೋಡುವ ಬಗೆಯನ್ನು ಹೇಳುತ್ತೇನೆ. 2018ರ ಜೂನಿನಲ್ಲಿ ಕೊಂಡ ಕಾರೊಂದರ ಜಾಬ್ ಕಾರ್ಡುಗಳು ನಿಮ್ಮ ಕೈಗೆ ಬಂದಿವೆಯೆಂದು ಭಾವಿಸೋಣ. 2018ರ ಜುಲೈ, 1,040. 2019ರ ಜೂನ್, 11,600. 2020ರ ಜುಲೈ, 20,300. 2021ರ ಆಗಸ್ಟ್, 26,900. ಮುಂದಿನದು 2024ರ ಮಾರ್ಚಿನದು, 35,200. ಆರಂಭದಲ್ಲಿ ವರ್ಷಕ್ಕೆ ಹತ್ತು ಸಾವಿರ ಓಡುತ್ತಿದ್ದ ಗಾಡಿ ಕೊರೋನಾ ಕಾಲದಲ್ಲಿ ಕಡಿಮೆ ಓಡಿದ್ದು ಸಹಜ. ಆದರೆ ಊರೆಲ್ಲ ಮತ್ತೆ ಓಡಾಡತೊಡಗಿದ ಮೇಲಿನ ಎರಡೂವರೆ ವರ್ಷದಲ್ಲಿ ಎಂಟು ಸಾವಿರವಷ್ಟೇ ಏಕೆ? ಗಾಡಿ ನಿಂತೇ ಇತ್ತೋ, ಹೊರಗಿನ ಗ್ಯಾರೇಜಿನಲ್ಲಿ ಸರ್ವಿಸಾಯಿತೋ, ಮೀಟರನ್ನು ಹಿಂದಕ್ಕೆ ತಿರುಗಿಸಿದರೋ? ಈ ಪ್ರಶ್ನೆಯನ್ನಿಟ್ಟುಕೊಂಡು ಟೈರಿನ ಮಗ್ಗುಲನ್ನು ನೋಡಿರಿ. ಅಲ್ಲಿ ಅಚ್ಚಾಗಿರುವ ಡಾಟ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳು 1122 ಎಂದಿದ್ದರೆ, ಅದು 2022ರ ಹನ್ನೊಂದನೆಯ ವಾರದಲ್ಲಿ ತಯಾರಾದ ಟೈರು. ನಾಲ್ಕೂ ಚಕ್ರಗಳಲ್ಲಿ ಅದೇ ಸಂಖ್ಯೆಯಿದ್ದರೆ, ಕಡತದ ಲೆಕ್ಕದಂತೆ ಮೂವತ್ತು ಸಾವಿರದ ಆಸುಪಾಸಿನಲ್ಲಿಯೇ ನಾಲ್ಕು ಟೈರೂ ಸವೆದುಹೋದವೆಂದಾಯಿತು. ಕೊನೆಯ ಬಿಲ್ಲಿನಲ್ಲಿ ಹೊಸ ಕ್ಲಚ್ ಪ್ಲೇಟೂ ಇದ್ದರೆ ಸಂಶಯ ಬಲವಾಗುತ್ತದೆ. ಇವು ಯಾವುವೂ ವಂಚನೆಗೆ ಸಾಕ್ಷ್ಯವಲ್ಲ. ಚಕ್ರಗಳ ಅಲೈನ್‌ಮೆಂಟ್ ತಪ್ಪಿದರೂ, ಕ್ಲಚ್ಚಿನ ಮೇಲೆ ಕಾಲಿಟ್ಟೇ ಓಡಿಸುವ ಅಭ್ಯಾಸವಿದ್ದರೂ ಹೀಗಾಗಬಹುದು. ಆದರೆ ಮಾರುವವನು ಸಮರ್ಪಕವಾಗಿ ಉತ್ತರ ಕೊಡಬೇಕಾದ ಪ್ರಶ್ನೆಗಳೆಂಬುದರಲ್ಲಿ ಸಂಶಯವಿಲ್ಲ.

ಕಡತ ಕಳೆದುಹೋಗಿದೆಯೆಂದು ಮಾರುವವನು ಹೇಳಿದರೆ ಅಲ್ಲಿಗೇ ಬಿಡಬೇಕಾಗಿಲ್ಲ. ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿನ ಕಂಪ್ಯೂಟರಿನಲ್ಲಿ ನೋಂದಣಿ ಸಂಖ್ಯೆಯಿಂದ ಹಿಂದಿನ ಸರ್ವಿಸುಗಳ ವಿವರ ಸಾಮಾನ್ಯವಾಗಿ ದೊರೆಯುತ್ತದೆ. ಮಾಲೀಕನೇ ಜೊತೆಯಲ್ಲಿ ಬಂದು ಕೇಳಿದರೆ ಕೆಲಸ ಇನ್ನೂ ಸುಲಭ. ವಿಮೆಯ ಪಾಲಿಸಿಯನ್ನೂ ಕೇಳಿರಿ. ಕ್ಲೇಮ್ ಮಾಡದ ವರ್ಷಗಳಿಗೆ ಅನುಸಾರವಾಗಿ ನೋ ಕ್ಲೇಮ್ ಬೋನಸ್ಸು 20, 25, 35, 45, 50 ಪ್ರತಿಶತ ಎಂದು ಏರುತ್ತ ಹೋಗುತ್ತದೆ. ಏಳು ವರ್ಷ ಒಬ್ಬನೇ ಮಾಲೀಕನ ಕೈಯಲ್ಲಿದ್ದ ಕಾರಿನ ಪಾಲಿಸಿಯಲ್ಲಿ 20 ಎಂದಿದ್ದರೆ, ಇತ್ತೀಚೆಗೆ ಕ್ಲೇಮು ಆಗಿರಬೇಕು, ಇಲ್ಲವೇ ವಿಮೆ ತಪ್ಪಿಹೋಗಿರಬೇಕು. 2015ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಚೀಚೆ, ನೀರಿನಲ್ಲಿ ಮುಳುಗಿದ ಕಾರುಗಳು ಎಷ್ಟೋ. ಸೀಟಿನ ಕೆಳಗಿನ ಹಳಿಗಳಲ್ಲಿ ತುಕ್ಕು, ಕಾರ್ಪೆಟ್ಟಿನ ಅಡಿಯಲ್ಲಿ ಕೆಸರಿನ ಕುರುಹು ಇವೆಯೇ ಎಂದು ಕೈಹಾಕಿ ನೋಡಬೇಕು.

ಎಂಜಿನ್ ತಣ್ಣಗಿರುವಾಗ ಆಯಿಲ್ ತುಂಬುವ ಮುಚ್ಚಳವನ್ನು ತೆಗೆದು ಒಳಮೈಯನ್ನು ಟಾರ್ಚಿನ ಬೆಳಕಿನಲ್ಲಿ ಪರೀಕ್ಷಿಸುವುದಕ್ಕೆ ಒಂದು ನಿಮಿಷ ಸಾಕು. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಾದ ಎಂಜಿನ್ನಿನಲ್ಲಿ ಲೋಹದ ಬಣ್ಣ ಕಾಣಿಸುತ್ತದೆ, ಹೆಚ್ಚೆಂದರೆ ತೆಳುವಾದ ಜೇನುಬಣ್ಣದ ಲೇಪವಿರುತ್ತದೆ. ಉದಾಸೀನಕ್ಕೆ ಗುರಿಯಾದದ್ದರಲ್ಲಿ ಜೋನಿಬೆಲ್ಲದಂತೆ ಕಪ್ಪಾದ ಜಿಗುಟು ಮಡ್ಡಿ ಕೂತಿರುತ್ತದೆ. ಮೀಟರನ್ನು ತಿರುಗಿಸಿದವರಿಗೂ ಈ ಮಡ್ಡಿಯನ್ನು ಕೆರೆದು ತೆಗೆಯುವುದು ಸುಲಭಸಾಧ್ಯವಲ್ಲ.

ಅಧಿಕೃತ ಸರ್ವಿಸ್ ಸೆಂಟರಿನ ಮೊಹರಿಲ್ಲವೆಂಬ ಒಂದೇ ಕಾರಣಕ್ಕೆ ಕಾರನ್ನು ತಿರಸ್ಕರಿಸುವವರುಂಟು; ಅದು ನ್ಯಾಯವೆಂದು ನನಗೆ ತೋರುವುದಿಲ್ಲ. ಹಾಕಿದ ಆಯಿಲಿನ ದರ್ಜೆ, ಫಿಲ್ಟರಿನ ವಿವರ, ತಾರೀಖು, ಕಿಲೋಮೀಟರು ಇಷ್ಟನ್ನೂ ನಮೂದಿಸಿ ಬಿಲ್ಲು ಕೊಡುವ ಊರಿನ ಮೆಕ್ಯಾನಿಕ್ಕನ ಕೆಲಸ, "ಜನರಲ್ ಸರ್ವಿಸ್" ಎಂದಷ್ಟೇ ಬರೆದು ಕೈತೊಳೆದುಕೊಳ್ಳುವ ದೊಡ್ಡ ಷೋರೂಮಿನ ಕೆಲಸಕ್ಕಿಂತ ನೂರು ಪಾಲು ಮೇಲು. ಅಂಥ ಮೆಕ್ಯಾನಿಕ್ಕನ ಹೆಸರು ಕಡತದಲ್ಲಿದ್ದರೆ ಅವನನ್ನೇ ಹೋಗಿ ಕಾಣಬಹುದು. ಗಾಡಿಯನ್ನು ವರ್ಷಗಟ್ಟಲೆ ಕೈಯಾರೆ ಬಿಚ್ಚಿ ಜೋಡಿಸಿದವನಿಗೆ ತಿಳಿದಿರುವಷ್ಟು ಮಾರುವವನಿಗೂ ತಿಳಿದಿರುವುದಿಲ್ಲ.

ವ್ಯವಹಾರ ಕುದುರುವ ಮುನ್ನ, ಬಾಕಿಯಿರುವ ಕೆಲಸಗಳ ಅಂದಾಜನ್ನು ನಿಮ್ಮ ಮೆಕ್ಯಾನಿಕ್ಕನಿಂದ ಬರೆಸಿಕೊಂಡು ಆ ಮೊತ್ತವನ್ನು ಬೆಲೆಯಿಂದ ಕಳೆಯುವಂತೆ ಕೇಳುವುದು ಧರ್ಮವೇ ಹೊರತು ಜಿಪುಣತನವಲ್ಲ. ಹಣ ಕೊಟ್ಟು 29 ಮತ್ತು 30ನೆಯ ನಮೂನೆಗಳಿಗೆ ಸಹಿಯಾಗಿ, ಆರ್.ಸಿ. ನಿಮ್ಮ ಹೆಸರಿಗೆ ವರ್ಗವಾಗುವ ಕೆಲಸ ನಡೆಯುತ್ತಿರುವಾಗಲೇ, ಹಿಂದಿನವರು ಏನು ಮಾಡಿಸಿದ್ದರೂ ಸರಿಯೆ, ಎಂಜಿನ್ ಆಯಿಲ್, ಫಿಲ್ಟರುಗಳು, ಕೂಲೆಂಟ್, ಬ್ರೇಕ್ ಆಯಿಲ್ ಇವಿಷ್ಟನ್ನೂ ಒಮ್ಮೆ ಹೊಸದಾಗಿ ಹಾಕಿಸಿ, ಆ ದಿನದ ತಾರೀಖನ್ನೂ ಮೀಟರಿನ ಅಂಕಿಯನ್ನೂ ಬಿಲ್ಲಿನ ಮೇಲೆ ಬರೆಸಿ, ಅದನ್ನು ಹಳೆಯ ಕಡತಕ್ಕೆ ಸೇರಿಸಿಡಿರಿ.