ಲೈಮ್ ರೋಗವೂ ಸಕ್ಕರೆಯ ಪಥ್ಯವೂ

ರೋಗಕ್ಕೆ ಮದ್ದಿನಷ್ಟೇ ಪಥ್ಯವೂ ಮುಖ್ಯವೆಂಬ ನಂಬಿಕೆಯು ನಮ್ಮ ಜನರಲ್ಲಿ ಬಹುಕಾಲದಿಂದ ಬೇರೂರಿರುವುದು. ಇದು ಬಹುಮಟ್ಟಿಗೆ ಸರಿಯಾದುದೇ. ಆದರೆ ಪಥ್ಯವು ಮದ್ದಿನ ಸ್ಥಾನವನ್ನೇ ಆಕ್ರಮಿಸಿದರೆ ಕೇಡುಂಟಾಗುವುದು. ಲೈಮ್ ರೋಗಿಗಳು ಸಕ್ಕರೆಯನ್ನೂ ಪಿಷ್ಟಪದಾರ್ಥಗಳನ್ನೂ ಕಡಮೆಮಾಡಬೇಕೆಂಬ ಮಾತನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಯುಕ್ತವಾಗಿದೆ.

ರೋಗದ ಸ್ವರೂಪ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಕನೆಕ್ಟಿಕಟ್ ಪ್ರಾಂತ್ಯದಲ್ಲಿರುವ ಲೈಮ್ ಎಂಬ ಊರಿನ ಸುತ್ತಮುತ್ತ 1975ರ ಸುಮಾರಿನಲ್ಲಿ ಅನೇಕ ಮಕ್ಕಳಿಗೆ ಕೀಲುಬಾವು ಕಾಣಿಸಿಕೊಂಡಿತು. ರೋಗಕ್ಕೆ ಆ ಊರಿನ ಹೆಸರೇ ನಿಂತಿತು. ಇದಕ್ಕೆ ಕಾರಣವಾದ, ಸುರುಳಿಯಂತಿರುವ ಸೂಕ್ಷ್ಮಜೀವಿಯನ್ನು ಉಣ್ಣಿಗಳಲ್ಲಿ ಕಂಡುದಾಗಿ ವಿಲ್ಲಿ ಬರ್ಗ್‌ಡಾರ್ಫರ್ ಎಂಬ ಶಾಸ್ತ್ರಜ್ಞರೂ ಅವರ ಸಂಗಡಿಗರೂ 1982ರಲ್ಲಿ ಪ್ರಕಟಿಸಿದರು. ಉಣ್ಣಿ ಕಚ್ಚಿದೆಡೆಯಲ್ಲಿ ಕ್ರಮೇಣ ಹರಡುವ ಕೆಂಪು ಮಚ್ಚೆ, ಜ್ವರ, ಮೈಕೈನೋವು ಇವು ಮೊದಲ ಲಕ್ಷಣಗಳು. ಅಲಕ್ಷ್ಯಮಾಡಿದರೆ ಕೀಲುಗಳಿಗೂ ನರಗಳಿಗೂ ಹೃದಯಕ್ಕೂ ಬಾಧೆ ತಟ್ಟಬಹುದು. ಡಾಕ್ಸಿಸೈಕ್ಲಿನ್, ಅಮಾಕ್ಸಿಸಿಲಿನ್ ಮೊದಲಾದ ಜೀವಿನಿರೋಧಕ ಔಷಧಗಳೇ ಇದಕ್ಕೆ ಮದ್ದು. ಆರಂಭದಲ್ಲಿಯೇ 10ರಿಂದ 14 ದಿನಗಳವರೆಗೆ ಕ್ರಮವಾಗಿ ಸೇವಿಸಿದರೆ ಬಹುಮಂದಿಗೆ ಗುಣವಾಗುವುದು.

ಸಕ್ಕರೆಯನ್ನು ಬಿಟ್ಟರೆ ಜೀವಿಗಳು ಸಾಯುವುವೇ?

ಈ ಸೂಕ್ಷ್ಮಜೀವಿಗೆ ಗ್ಲೂಕೋಸ್ ಆಹಾರವಾಗಿರುವುದು ನಿಜ. ಆದುದರಿಂದ ಸಕ್ಕರೆಯನ್ನು ಬಿಟ್ಟು ಅದನ್ನು ಉಪವಾಸ ಕೆಡವಬಹುದೆಂದು ಕೆಲವರು ಭಾವಿಸುವರು. ಆದರೆ ನಾವು ಏನನ್ನೂ ತಿನ್ನದಿದ್ದರೂ ನಮ್ಮ ಯಕೃತ್ತು ಕೂಡಿಟ್ಟ ಪಿಷ್ಟದಿಂದಲೂ, ಅದು ಮುಗಿದ ಮೇಲೆ ಮಾಂಸಖಂಡದ ಸಾರದಿಂದಲೂ ಗ್ಲೂಕೋಸನ್ನು ಉತ್ಪತ್ತಿಮಾಡಿ ರಕ್ತಕ್ಕೆ ಒದಗಿಸುತ್ತಲೇ ಇರುವುದು. ಹೀಗಿರುವಲ್ಲಿ ಉಪವಾಸದಿಂದ ಸೊರಗುವವನು ರೋಗಿಯೇ ಹೊರತು ರೋಗಾಣುವಲ್ಲ. ಪಥ್ಯವನ್ನು ನಂಬಿ ಮದ್ದನ್ನು ನಡುವೆ ನಿಲ್ಲಿಸಿದವನು ರೋಗವು ಒಳಗೇ ಬೆಳೆಯಲು ಎಡೆಮಾಡಿಕೊಟ್ಟಂತಾಗುವುದು.

ಪ್ರಯೋಜನವೂ ಅಪಾಯವೂ

ಹಾಗೆಂದು ಸಕ್ಕರೆಯನ್ನು ಮಿತಗೊಳಿಸುವುದು ನಿಷ್ಪ್ರಯೋಜಕವಲ್ಲ. ಕೀಲುನೋವಿನಿಂದ ಓಡಾಟ ಕಡಮೆಯಾದವರಿಗೆ ತೂಕವು ಹೆಚ್ಚದಂತೆ ಇದು ನೆರವಾಗುವುದು. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಕೊಟ್ಟ ಸಲಹೆಯಂತೆ, ಆಹಾರಕ್ಕೆ ಬೆರೆಸುವ ಸಕ್ಕರೆಯಿಂದ ದೊರೆಯುವ ಶಕ್ತಿಯು ದಿನದ ಒಟ್ಟು ಶಕ್ತಿಯ ನೂರಕ್ಕೆ 10 ಭಾಗದೊಳಗಿರಬೇಕು. ಎಂದರೆ ಸಾಮಾನ್ಯವಾಗಿ ಸುಮಾರು 50 ಗ್ರಾಂ. ಬೆಲ್ಲವೂ ಜೇನುತುಪ್ಪವೂ ಈ ಲೆಕ್ಕಕ್ಕೆ ಸೇರಿದುವೇ.

ಆದರೆ ಸಿಹಿಮೂತ್ರರೋಗಕ್ಕಾಗಿ ಇನ್ಸುಲಿನ್ ಚುಚ್ಚಿಸಿಕೊಳ್ಳುವವರು ಅನ್ನ ಮುದ್ದೆಗಳನ್ನು ಇದ್ದಕ್ಕಿದ್ದಂತೆ ಬಿಟ್ಟರೆ ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪುವ ಸಂಭವವುಂಟು. ಇಂಥವರು ವೈದ್ಯರನ್ನು ಕೇಳದೆ ಆಹಾರವನ್ನು ಬದಲಾಯಿಸಲೇಕೂಡದು. ಗರ್ಭಿಣಿಯರೂ ಮಕ್ಕಳೂ ಜ್ವರದಿಂದ ಬಳಲಿದವರೂ ಕಠಿಣ ಪಥ್ಯವನ್ನು ಹಿಡಿಯಬಾರದು.

ನಮ್ಮ ಧಾನ್ಯಗಳ ವಿಚಾರ

ರಾಗಿಯಲ್ಲಿ ಪಿಷ್ಟವಿಲ್ಲವೆಂದು ಕೆಲವರು ತಿಳಿದಿರುವುದು ತಪ್ಪು. ಅದರ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಭಾಗ ಪಿಷ್ಟವೇ ಆಗಿರುವುದು; ಆದರೆ ನಾರೂ ಸುಣ್ಣದ ಅಂಶವೂ ನುಣ್ಣಗೆ ಪಾಲಿಷ್ ಮಾಡಿದ ಅಕ್ಕಿಗಿಂತ ಅದರಲ್ಲಿ ಹೆಚ್ಚು. ಪಿಷ್ಟವನ್ನು ಕಡಮೆಮಾಡಬೇಕಾದವರು ಮುದ್ದೆಯ ಗಾತ್ರವನ್ನು ತಗ್ಗಿಸಿ, ಹುರುಳಿ, ಅವರೆ, ಹೆಸರು ಮುಂತಾದ ಕಾಳುಗಳನ್ನೂ ಸೊಪ್ಪು ತರಕಾರಿಗಳನ್ನೂ ಹೆಚ್ಚಿಸಿಕೊಳ್ಳುವುದು ಉತ್ತಮ.

ಗಮನದಲ್ಲಿಡತಕ್ಕ ಅಂಶಗಳು

1. ವೈದ್ಯರು ಗೊತ್ತುಮಾಡಿದಷ್ಟು ದಿನವೂ ಔಷಧವನ್ನು ತಪ್ಪದೆ ಸೇವಿಸಬೇಕು.

2. ಡಾಕ್ಸಿಸೈಕ್ಲಿನ್ನನ್ನು ತುಂಬ ನೀರಿನೊಡನೆ ನುಂಗಬೇಕು, ನುಂಗಿದೊಡನೆ ಮಲಗಬಾರದು. ಹಾಲು, ಸುಣ್ಣದ ಮಾತ್ರೆ, ಕಬ್ಬಿಣದ ಮಾತ್ರೆ ಇವುಗಳೊಡನೆ ಸೇವಿಸಿದರೆ ಮದ್ದು ಮೈಗೆ ಸರಿಯಾಗಿ ಹತ್ತುವುದಿಲ್ಲ. ನಡುವೆ ಕೆಲವು ಗಂಟೆಗಳ ಅಂತರವಿರಬೇಕು.

3. ಈ ಮದ್ದನ್ನು ಸೇವಿಸುವವರ ಚರ್ಮವು ಬಿಸಿಲಿಗೆ ಬೇಗನೆ ಕಂದುವುದು. ಹೊಲದಲ್ಲಿ ದುಡಿಯುವವರು ಮೈಮುಚ್ಚುವ ಬಟ್ಟೆ ಧರಿಸಬೇಕು.

4. ಮೈಗೆ ಹತ್ತಿದ ಉಣ್ಣಿಯನ್ನು ಚಿಮಟದಿಂದ ಚರ್ಮಕ್ಕೆ ಸಮೀಪದಲ್ಲಿ ಹಿಡಿದು ನೇರವಾಗಿ ಕೀಳಬೇಕು. ಎಣ್ಣೆ ಸವರುವುದೂ ಬೆಂಕಿ ತಾಗಿಸುವುದೂ ಸಲ್ಲದು.

ಕಡೆಯದಾಗಿ ಮಲೆನಾಡಿನ ರೈತರಿಗೆ ಒಂದು ಮಾತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗೊತ್ತಾದ ಮಂಗನ ಕಾಯಿಲೆಯೂ ಉಣ್ಣಿಯಿಂದಲೇ ಹರಡುವುದಾದರೂ, ಅದು ವೈರಸ್ಸಿನಿಂದ ಬರುವುದು. ಮೇಲೆ ಹೇಳಿದ ಔಷಧಗಳಾಗಲಿ ಪಥ್ಯವಾಗಲಿ ಅದನ್ನು ಗುಣಪಡಿಸಲಾರವು. ಕಾಡಿಗೆ ಹೋಗಿಬಂದ ಮೇಲೆ ಜ್ವರ ಕಾಣಿಸಿಕೊಂಡರೆ, ಮನೆಯಲ್ಲಿ ಪಥ್ಯ ಮಾಡುತ್ತ ಕಾಲಹರಣ ಮಾಡದೆ, ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು.